ಎತ್ತದ ಫೋನಿನ ಮಾಲೀಕರು

"ಊಟ ಮಾಡ್ಕೊಂಡು ಅಲ್ಲೇ ಇರು. ಕೆಲಸ ಮುಗಿದ ಮೇಲೆ ಮಿಸ್ ಕಾಲ್ ಕೊಡ್ತೀನಿ, ಗಾಡಿ ತಗೊಂಡು ಬಾ" ಎಂದು ಡ್ರೈವರನಿಗೆ ಕೂಗಿ ಹೇಳಿ, ವಕೀಲ ಗೋವಿಂದರಾಜ ಯಲಬುರ್ಗಾ ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದರು. ಬೆಂಗಳೂರಿನವರು, ಆ ಬಿಸಿಲಿನಲ್ಲೂ ಕರಿ ಕೋಟು. ಅದನ್ನು ನೋಡಿಯೇ ಅಂಗಡಿಯ ದ್ರಾಕ್ಷಾಯಿಣಿಗೆ ಇದು ಒಳ್ಳೆಯ ಸುದ್ದಿಯಲ್ಲ ಎಂದು ಗೊತ್ತಾಯಿತು.

ದ್ರಾಕ್ಷಾಯಿಣಿ ತಾನೇ ಕೂತು ಬರೆದ ಒಂದು ಪ್ರೋಗ್ರಾಂ, ಹೊಲದ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕರೆಂಟ್ ಬಂದ ಕೂಡಲೇ ಇನ್ನೂರು ರೈತರಿಗೆ ಮಿಸ್ ಕಾಲ್ ಕೊಡುತ್ತಿತ್ತು. ಬಂದರೆ ಒಂದು ರಿಂಗ್, ಹೋದರೆ ಎರಡು. ಯಾರೂ ಫೋನ್ ಎತ್ತುವಂತಿಲ್ಲ. ಎತ್ತಿದರೆ ಅವಳ ದುಡ್ಡು ಹೋಗುತ್ತದೆ. ಇದಕ್ಕೆ ಸುಗ್ಗಿಯಲ್ಲಿ ಮನೆಗೊಂದು ಸೇರು ಜೋಳ ಬರುತ್ತಿತ್ತು. ಅವಳ ಮನೆಯ ವರ್ಷದ ರೊಟ್ಟಿ ಅದರಲ್ಲೇ. ಈಗ ಯಾವುದೋ ಕಂಪನಿ 'ಸ್ವೀಕರಿಸದ ಕರೆಯ ಮೂಲಕ ಮಾಹಿತಿ ರವಾನಿಸುವ ವಿಧಾನ' ತನ್ನದೆಂದು ಪೇಟೆಂಟ್ ಮಾಡಿಸಿಕೊಂಡು ಕೂತಿತ್ತು. ಅದರ ಪರವಾಗಿ ವಕೀಲರು ತಂದ ನೋಟೀಸಿನ ಪ್ರಕಾರ, ಸೋಮವಾರದೊಳಗೆ ಅವಳು ಪ್ರೋಗ್ರಾಂ ನಿಲ್ಲಿಸಿ, ನಕಲು ಮಾಡಿದ್ದೇನೆಂದು ಒಪ್ಪಿ ಸಹಿ ಹಾಕಬೇಕು.

"ಪ್ರೋಗ್ರಾಮಿಗೆ ಪೇಟೆಂಟ್ ಕೊಡೂದಿಲ್ಲ ಅಂತ ಕೇಳಿದ್ನಲ್ರಿ?"

"ಪ್ರೋಗ್ರಾಮಿಗಲ್ಲಮ್ಮ. ಪ್ರೋಗ್ರಾಂ ಮಾಡೋ ಕೆಲಸದ ವಿಧಾನಕ್ಕೆ."

ಇದನ್ನು ನಗದೆ ಹೇಳಲು ಎಷ್ಟು ವರ್ಷದ ವಕೀಲಿ ಬೇಕಾಯಿತೋ.

ಮೂಲೆಯ ಸ್ಟೂಲಿನ ಮೇಲಿದ್ದ ರೈತ ಹುಲಗಪ್ಪ ಬಾಯಿ ಹಾಕಿದ. ಮೊನ್ನೆ ಸುಳ್ಳು ಮಿಸ್ ಕಾಲ್ ಬಂತೆಂದು ದ್ರಾಕ್ಷಾಯಿಣಿಯ ಜೊತೆ ಜಗಳಕ್ಕೆ ಬಂದವನು ಅವನು. "ಎತ್ತದ ಫೋನಿಗೆ ಕಿಮ್ಮತ್ತು ಎಷ್ಟ್ರಿ?"

"ಕಂಪನಿ ಅಂದಾಜಿನ ಪ್ರಕಾರ ಎರಡು ಕೋಟಿ."

"ಕಿಮ್ಮತ್ತು ಕೊಡಬಾರದು ಅಂತನ ನಾವು ಎತ್ತೂದಿಲ್ರಿ!"

"ಹುಲಗಪ್ಪಣ್ಣ, ಸುಮ್ಕಿರ್ರಿ" ಎಂದಳು ದ್ರಾಕ್ಷಾಯಿಣಿ. ಹೆಸರು ಕೇಳಿ ವಕೀಲರು ಫೈಲು ಬಿಚ್ಚಿದರು. "ನೀವು ಹುಲಗಪ್ಪ ಅಲ್ವಾ? ಸಾಕ್ಷಿ ಕೇಳೋಣ ಅಂತ ಮೊನ್ನೆ ನಿಮಗೆ ಮೂರು ಸಲ ಫೋನ್ ಮಾಡಿದ್ದೆ. ಎತ್ತಲೇ ಇಲ್ಲ."

"ಅದು ನೀವೇನ್ರಿ?" ಹುಲಗಪ್ಪ ಎದ್ದೇ ನಿಂತ. "ನಂಬರ್ ಯಾರು ನೋಡ್ತಾರ? ಒಂದು ರಿಂಗ್ ಆಗೂದ್ರಾಗ ಫೋನ್ ಕಟ್ಟಿ ಮ್ಯಾಲ ಬಿಟ್ಟು ಹೊಲಕ್ಕ ಓಡೀನಿ. ಮೂರು ಸಲ! ಕರೆಂಟೂ ಇಲ್ಲ, ನೀರೂ ಇಲ್ಲ. ಪಾಪ, ಈ ಹುಡುಗಿಗೆ ಸುಮ್ಮನ ಬೈದ್ನಲ್ಲ!"

ದ್ರಾಕ್ಷಾಯಿಣಿಗೆ ನಗು ಬರಲಿಲ್ಲ. ನೋಟೀಸನ್ನು ವಕೀಲರ ಕಡೆಗೆ ತಳ್ಳಿದಳು. "ಪ್ರೋಗ್ರಾಂ ಬರಿಯೂದಕ್ಕಿಂತ ಮೊದಲ ನಾಕು ವರ್ಷ ನಾನ ಕೈಲೆ ರಿಂಗ್ ಕೊಡ್ತಿದ್ದೆ. ನಿಮ್ಮ ಕಂಪನಿ ಅರ್ಜಿ ಹಾಕೂ ಮೊದಲಿಂದ ಇಡೀ ಊರು ಕೊಡ್ತಿತ್ತು. ನಾ ಯಾರದು ನಕಲು ಮಾಡೀನ್ರಿ?"

"ಅದಕ್ಕೆ ದಾಖಲೆ ಇದೆಯಾ?"

ಇರಲಿಲ್ಲ. ಎತ್ತದ ಫೋನಿಗೆ ಯಾರು ರಸೀದಿ ಇಟ್ಟುಕೊಳ್ಳುತ್ತಾರೆ?

"ಹಾಗಾದ್ರೆ ಸಹಿ ಹಾಕಿ ಕಳಿಸಿ" ಎಂದು ವಕೀಲರು ಎದ್ದು ಜೇಬಿನಿಂದ ಫೋನ್ ತೆಗೆದರು.

"ಈಗ ಡ್ರೈವರಗ ಮಿಸ್ ಕಾಲ್ ಕೊಡ್ತೀರಲ್ರಿ," ಹುಲಗಪ್ಪ ಕೇಳಿದ, "ಕಂಪನಿ ಪರ್ಮಿಶನ್ ತಗೊಂಡೀರೇನು?"

ವಕೀಲರ ಕಿವಿ ಕೆಂಪಾಯಿತು. "ಮಿಸ್ ಕಾಲ್ ಅಲ್ಲ. ಮಾತಾಡಿಯೇ ಕರೀತೀನಿ" ಎಂದು ಫೋನನ್ನು ಕಿವಿಗೆ ಹಿಡಿದು ನಿಂತರು. ಪೂರ್ತಿ ರಿಂಗಾಗಿ ನಿಂತಿತು. ಡ್ರೈವರ್ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಆಗಲೂ ಎತ್ತಲಿಲ್ಲ. ಮೂರನೆಯ ಸಲ ಒತ್ತುವಷ್ಟರಲ್ಲಿ ಕಾರು ಬಂದು ಅಂಗಡಿಯ ಮುಂದೆ ನಿಂತಿತು.

ದ್ರಾಕ್ಷಾಯಿಣಿ ನೋಟೀಸು, ಪೆನ್ನು ಎರಡನ್ನೂ ತೆಗೆದುಕೊಂಡು ಮೆಟ್ಟಿಲಿಳಿದು, ಡ್ರೈವರನ ಕಿಟಕಿಗೆ ಬಗ್ಗಿದಳು.

"ಅಣ್ಣಾ, ನಿಮ್ಮ ಹೆಸರೇನ್ರಿ? ನಕಲು ಮಾಡೀನಿ ಅಂತ ಇಲ್ಲೆ ನಿಮ್ಮದೂ ಒಂದು ಸಹಿ ಬೇಕಾಗೈತಿ."