ಕೆಳಗಿನ ಸಾಲಿನಿಂದ

“ಕೆಳಗಿನಿಂದ ಓದು,” ಎಂದ ಕಲ್ಲು ಕೆತ್ತುವವ. ತಾಲ್ಲೂಕು ಕಚೇರಿಯಿಂದ ಬಂದಿದ್ದ ಮೂರನೇ ಹಾಳೆಯನ್ನು ಹೆಂಡತಿ ಕಿಟಕಿಯ ಬೆಳಕಿಗೆ ಹಿಡಿದಳು. ತಾಲ್ಲೂಕಿನಿಂದ ಯುದ್ಧಕ್ಕೆ ಹೋಗಿ ಸತ್ತ ಸೈನಿಕರ ಪಟ್ಟಿ ಅದು. ಒಬ್ಬೊಬ್ಬರಿಗೆ ನಾಲ್ಕು ಸಾಲು: ಹೆಸರು, ತಂದೆಯ ಹೆಸರು, ಊರು, ಸತ್ತ ತಾರೀಕು. ಬೋರ್ಡು ಬರೆಯುವವನು ಬೆಳಿಗ್ಗೆಯೇ ಬಂದು ಕರಿಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ ಬರೆದು ಹೋಗಿದ್ದ. ಉಳಿ ಇಡುವ ಮೊದಲು ಹಾಳೆಗೂ ಕಲ್ಲಿಗೂ ತಾಳೆ ನೋಡಬೇಕಿತ್ತು.

ಈ ಮನೆಯಲ್ಲಿ ತಾಳೆ ನೋಡುವುದು ಕೊನೆಯ ಸಾಲಿನಿಂದ, ಸಾಲಿನ ಕೊನೆಯ ಅಕ್ಷರದಿಂದ. ಮೊದಲಿನಿಂದ ಓದಿದರೆ ಬಾಯಿ ತಾನೇ ಹೆಸರು ಪೂರ್ತಿ ಮಾಡಿಬಿಡುತ್ತದೆ, ಕಣ್ಣು ಅದರ ಹಿಂದೆ ಓಡುತ್ತದೆ. ಹಾಗೆ ಮೋಸಹೋಗಿ ಒಮ್ಮೆ ಹೆಡ್‌ಮಾಸ್ಟರ ಹೆಸರಿನಲ್ಲಿ ಒಂದು ಅಕ್ಷರವನ್ನೇ ನುಂಗಿಹಾಕಿದ್ದರು. ಆ ಕಲ್ಲಿನ ಮೇಲೆ ಈಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾರೆ. ಗಂಡನಿಗೆ ಅಕ್ಷರ ಕೆತ್ತಲು ಎಷ್ಟು ಚೆನ್ನಾಗಿ ಬರುತ್ತಿತ್ತೋ ಓದಲು ಅಷ್ಟಕ್ಕಷ್ಟೆ. ಅವಳು ಹೇಳಿದ ಒಂದೊಂದು ಅಕ್ಷರಕ್ಕೂ ಕಲ್ಲಿನ ಮೇಲೆ ಬೆರಳಿಟ್ಟು ‘ಹೂಂ’ ಎನ್ನುವುದಷ್ಟೇ ಅವನ ಕೆಲಸ. ಮೂಲೆಯಲ್ಲಿ ಅವಳ ಅಪ್ಪ ಇನ್ನೊಂದು ಚಪ್ಪಡಿಗೆ ನೀರು ಚಿಮುಕಿಸಿ ಉಜ್ಜುತ್ತಿದ್ದ.

ಅವಳು ಮೊದಲು ಇಸವಿ ಓದಿದಳು, ಆಮೇಲೆ ತಿಂಗಳು, ಆಮೇಲೆ ದಿನ. “ರೀ, ನೋಡಿ. ನಮ್ಮ ಮದುವೆಗೆ ಎರಡೇ ದಿನ ಮುಂಚೆ.”

“ಹಾಗಾದ್ರೆ ಆ ವಾರ ತಾಲ್ಲೂಕಲ್ಲಿ ಇಬ್ಬರು ಗಂಡಸರು ಹೋದ್ರು ಅನ್ನು. ಅವನೊಬ್ಬ, ನಾನೊಬ್ಬ.”

“ಥೂ, ಬಿಡ್ತು ಅನ್ನಿ.” ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. “ಆ ವಾರದ ಸುದ್ದಿ ಎತ್ತಬೇಡಿ, ಮೈಯೆಲ್ಲಾ ಉರಿಯುತ್ತೆ. ರಜಾ ಸಿಕ್ಕಿದೆ, ಬಂದೇ ಬರ್ತೀನಿ ಅಂತ ಕಾಗದ ಬರೆದು ಕೈಕೊಟ್ಟನಲ್ಲ ನಮ್ಮಣ್ಣ ಅನ್ನೋ ಮಹಾರಾಯ. ಇರೋಳು ಒಬ್ಬಳೇ ತಂಗಿ. ಎಲ್ಲೋ ಹೆಂಡತಿ ಮಕ್ಕಳ ಜೊತೆ ಉಂಡ್ಕೊಂಡು ತಿಂದ್ಕೊಂಡು ಕೊಬ್ಬಿರ್ತಾನೆ. ಹಾಳಾಗಿ ಹೋಗಲಿ.”

ಹನ್ನೊಂದು ವರ್ಷದಿಂದ ವಾರಕ್ಕೆರಡು ಸಲವಾದರೂ ಕೇಳಿದ ಮಾತು; ಗಂಡ ತಲೆ ಎತ್ತಲಿಲ್ಲ. ಅಣ್ಣ ಸೈನ್ಯದ ಉಗ್ರಾಣದಲ್ಲಿದ್ದ, ಅಲ್ಲಿಯವರೆಗೆ ಗುಂಡು ಬರುವುದಿಲ್ಲ ಎಂದು ಅವನೇ ಬರೆದಿದ್ದ. ಮದುವೆಯಾದ ವಾರವೇ ಅಪ್ಪ, ‘ಅಲ್ಲೇ ಯಾರನ್ನೋ ಕಟ್ಟಿಕೊಂಡನಂತೆ, ಇನ್ನು ಈ ಕಡೆ ತಲೆ ಹಾಕಲ್ಲ, ಮರೆತುಬಿಡು’ ಎಂದಿದ್ದ. ಅವಳು ಮರೆಯಲಿಲ್ಲ. ಬೈದಳು.

“ಊರು ಓದು,” ಎಂದ ಗಂಡ.

ಅವಳು ಕೊನೆಯ ಅಕ್ಷರದಿಂದ ಓದಿದಳು. ಅವನು ಹೂಂಗುಟ್ಟಿದ. ಮೊದಲ ಅಕ್ಷರಕ್ಕೆ ಬಂದಾಗ, “ಅಪ್ಪಾ, ಇವನ್ಯಾರೋ ನಮ್ಮೂರಿನವನು,” ಎಂದಳು. ಮೂಲೆಯಲ್ಲಿ ಕಲ್ಲು ಉಜ್ಜುವ ಸದ್ದು ಯಾವಾಗಲೋ ನಿಂತುಹೋಗಿತ್ತು. ಅವಳು ತಂದೆಯ ಹೆಸರಿನ ಸಾಲಿಗೆ ಬಂದಳು. ಮೂರು ಅಕ್ಷರ ಜೋರಾಗಿ ಓದಿದಳು. ನಾಲ್ಕನೆಯದಕ್ಕೆ ದನಿ ಹೊರಡಲಿಲ್ಲ.

“ಮುಂದೆ?” ಗಂಡನ ಬೆರಳು ಕಾಯುತ್ತಿತ್ತು.

ಅವಳು ಹಾಳೆಯಿಂದ ಕಣ್ಣು ತೆಗೆದು ಮೂಲೆಯಲ್ಲಿದ್ದ ಅಪ್ಪನನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು. ಮೇಲಿನ ಸಾಲನ್ನು ಈ ಸಲ ಹಿಂದಿನಿಂದ ಓದಲು ಆಗಲೇ ಇಲ್ಲ. ಹೆಸರು ಇಡಿಯಾಗಿ ಕಣ್ಣಿಗೆ ಹೊಡೆಯಿತು. ಅಣ್ಣನ ಹೆಸರು. ಗಂಡ ಹಾಳೆ ಕಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ ಮುಗಿದಾಗ, ಸ್ವಲ್ಪ ಹೊತ್ತಿನ ಹಿಂದೆ ತಾನಾಡಿದ ತಮಾಷೆ ನೆನಪಾಯಿತು.

“ನಿನಗೆ ಗೊತ್ತಿತ್ತಾ ಅಪ್ಪಾ?”

“ಮದುವೆ ದಿನ ಬೆಳಿಗ್ಗೆ ತಂತಿ ಬಂತು.” ಅಪ್ಪ ಒದ್ದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. “ಸೇತುವೆ ಮೇಲೆ ಅವನ ಲಾರಿಗೆ ಬಾಂಬು ಬಿತ್ತಂತೆ. ನದಿ. ಏನೂ ಸಿಗಲಿಲ್ಲವಂತೆ. ನೀನು ಒಳಗೆ ತಲೆ ಬಾಚಿಸಿಕೊಳ್ತಾ ನಗ್ತಿದ್ದೆ. ಜೇಬಿಗೆ ಹಾಕ್ಕೊಂಡೆ.”

“ಆಮೇಲೆ?”

“ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಆಗೋಯ್ತು. ಈ ಪಟ್ಟಿಯ ಮೊದಲನೇ ಹಾಳೆ ಬಂದಾಗಿನಿಂದ ಕಾಯ್ತಿದ್ದೀನಿ.”

“ಹನ್ನೊಂದು ವರ್ಷ ಸತ್ತವನನ್ನ ಬೈದಿದ್ದೀನಿ. ಹಾಳಾಗಿ ಹೋಗಲಿ ಅಂದಿದ್ದೀನಿ, ಈಗ ತಾನೇ ಅಂದೆ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ದೆ. ಒಂದೇ ಒಂದು ಸಲ ಬಾಯಿ ಮುಚ್ಚು ಅನ್ನಬಾರದಿತ್ತಾ?”

ಅಪ್ಪ ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ.

“ನೀನು ಬೈಯುವಾಗ ಅವನು ಎಲ್ಲೋ ಹೆಂಡತಿ ಮಕ್ಕಳ ಜೊತೆ ಇರ್ತಿದ್ದ ಮಗಳೇ,” ಎಂದ. “ಅದನ್ನ ಕೇಳೋಕೇ ಪಕ್ಕಕ್ಕೆ ಬಂದು ಕೂರ್ತಿದ್ದೆ.”