ಒದೆಯದ ರಿವಾಲ್ವರ್

ಆರನೆಯ ಗುಂಡೂ ಮೊದಲನೆಯ ಗುಂಡಿನ ತೂತಿನಲ್ಲೇ ನುಗ್ಗಿತು. ಇಡೀ ಮೊಂಟಾನಾದಲ್ಲಿ ಅಂಥ ಗುರಿ ಕಂಡವರಿಲ್ಲ; ಕಂಡೆವೆನ್ನುವವರು ಸುಳ್ಳುಗಾರರು. ಎಂಬತ್ತು ದಾಟಿದ ಓರ್ಲಾ ಹೌಗನ್ ಆ ಹಳೆಯ ರಿವಾಲ್ವರನ್ನು ಮೆಲ್ಲಗೆ ಕೆಳಗಿಟ್ಟಳು. ಅದರ ಹಿಡಿಯ ಮರ ಅವಳ ಅಂಗೈಗೆಂದೇ ಹುಟ್ಟಿತ್ತು ಎನ್ನಬೇಕು. ಗುಂಡು ಹಾರಿದಾಗ ಕೈಗೆ ಬೀಳುವ ಒದೆತವೋ, ಬೆಕ್ಕಿನ ಮರಿ ತಲೆ ಉಜ್ಜಿದಷ್ಟು.

ಗಂಡ ತೀರಿಕೊಂಡ ಮೇಲೆ ಅವಳು ಪ್ರತಿ ಶನಿವಾರ ಈ ಬಂದೂಕಿನ ಅಂಗಡಿಗೆ ಬಂದು, ಕೊಳ್ಳುವ ಮುಂಚೆ ಹಿತ್ತಲಲ್ಲಿ ಹೊಡೆದು ನೋಡಲು ಒಂದೊಂದು ಹಳೆಯ ರಿವಾಲ್ವರ್ ಕೇಳುತ್ತಿದ್ದಳು. ಹದಿಮೂರು ರಿವಾಲ್ವರ್ ಅವಳ ಕೈಗೆ ಒಗ್ಗಲಿಲ್ಲ. ಒಂದಂತೂ ಒದ್ದ ರಭಸಕ್ಕೆ ಪಕ್ಕದ ಜಿಲ್ಲೆಯ ಹಸುಗಳೆಲ್ಲ ಎದ್ದು ನಿಂತವು. ಪ್ರತಿ ಸಲವೂ ಆಮೇಲೆ ಅವಳೂ ಅಂಗಡಿಯ ಡ್ವೈಟನೂ ಕಾಫಿ ಹೀರುತ್ತ ಒಂದು ಗಂಟೆ ಆ ವಾರದ ಬಂದೂಕನ್ನು ಬೈಯುತ್ತಿದ್ದರು. ವಾರವಿಡೀ ಅವಳು ಇನ್ನೊಬ್ಬರೊಂದಿಗೆ ಮಾತಾಡುತ್ತಿದ್ದುದು ಅಷ್ಟು ಹೊತ್ತು ಮಾತ್ರ.

"ಅಂತೂ ಸಿಕ್ತಲ್ಲ ಮೇಡಂ, ನಿಮ್ ಕೈಗೆ ತಕ್ಕ ಜೋಡಿ! ಪ್ಯಾಕ್ ಮಾಡ್ಲಾ?" ಎಂದ ಡ್ವೈಟ್.

ಓರ್ಲಾ ಗುರಿಕಾಗದವನ್ನೇ ದಿಟ್ಟಿಸಿದಳು. ಆಮೇಲೆ ಮಣಿಕಟ್ಟು ಹಿಡಿದುಕೊಂಡು ಮುಖ ಕಿವುಚಿದಳು. "ಬೇಡಪ್ಪಾ ಡ್ವೈಟ್. ಕತ್ತೆ ಒದ್ದ ಹಾಗೆ ಒದೀತು."

ಡ್ವೈಟ್ ಆ ಕಾಗದವನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. ಆಮೇಲೆ ತನ್ನ ಮಣಿಕಟ್ಟನ್ನೂ ಉಜ್ಜಿಕೊಂಡ.

"ಹೌದು ಮೇಡಂ. ಸುಮ್ನೆ ನಿಂತಿದ್ದ ನಂಗೇ ನೋಯ್ತಿದೆ."