ಸಾವಜಿ ಖಾನಾವಳಿಯ ಸಸ್ಯಾಹಾರಿ

ಊರಿಗೆಲ್ಲ ಖಡಕ್ ಮಟನ್ ಸಾರು ಬಡಿಸುವ ಸಾವಜಿ ಖಾನಾವಳಿಯ ಮಾಲೀಕ ತುಳಜಾಸಾ, ತಾನು ಮಾತ್ರ ಗಲ್ಲಾದ ಹಿಂದೆ ಕೂತು ಬೂದುಗುಂಬಳಕಾಯಿ ರಸ ಕುಡಿಯತೊಡಗಿದ. ಊಟಕ್ಕೆ ಬರೀ ಸೊಪ್ಪು, ಮೊಳಕೆಕಾಳು. ಮೂಳೆ ಚೀಪುತ್ತಿದ್ದ ಗಿರಾಕಿಗಳು ಬಿದ್ದು ಬಿದ್ದು ನಕ್ಕರು.

"ಏನ್ರೀ ಸಾವಕಾರ್ರ, ಈ ವಯಸ್ಸಿನ್ಯಾಗ ಲಗ್ನದ ಉಮೇದಿ ಬಂತೇನ್ರೀ?"

"ಹೂನ್ರೀ! ದಪ್ಪ ಇದ್ರ ಒಲ್ಲೆ ಅಂದಾಳ ಹುಡುಗಿ," ಎಂದು ಅವನೂ ನಗುತ್ತಿದ್ದ. ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರೂರಿದರೆ ಇನ್ನೊಂದು ಲೋಟ ರಸ ಗಟಗಟ ಏರಿಸುತ್ತಿದ್ದ.

ಬರಬರುತ್ತ ಹೊಟ್ಟೆ ಕರಗಿತು. ಏದುಸಿರು ನಿಂತಿತು. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಗಿರಾಕಿಗಳ ನಡುವೆ ಕುಣಿದಾಡಿದ.

ಕೊನೆಗೊಂದು ದಿನ ಡಾಕ್ಟರು ಅವನ ಸ್ಕ್ಯಾನಿಂಗ್ ನೋಡಿ ಎದ್ದು ನಿಂತು ಕೈ ಕುಲುಕಿದರು. "ಶಾಬಾಸ್! ಒಳಗಿನ ಕೊಬ್ಬೆಲ್ಲ ಹೋಗೇತಿ. ಇನ್ನ ಏನೂ ಅಡ್ಡಿಯಿಲ್ಲ."

ತುಳಜಾಸಾ ಡಾಕ್ಟರನ್ನೇ ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಮೆಟ್ಟಿಲು ಹಾರುತ್ತ ಮೇಲಿನ ವಾರ್ಡಿಗೆ ಓಡಿದ. ಮಂಚದಲ್ಲಿ ಅರಿಸಿನ ಬಳಿದಂತೆ ಹಳದಿಗಟ್ಟಿ ಮಲಗಿದ್ದವಳ ಕೈ ಹಿಡಿದು ಕೂಗಿದ:

"ಅಕ್ಕಾ, ಈ ಸಲ ನನ್ನ ಲಿವರ್ ಪಾಸಾತು! ಅರ್ಧಾ ನಿನಗ!"